ಮಾವನ ರಕ್ತ, ಕಲ್ಪನಾಳ ಮಣಿ

ಜಂಗಮವಾಡಿ, ಕಾಶಿ
೧೧-೨-೧೯೯೩

ಮುದ್ದಿನ ಕಲ್ಪವ್ವಾ,

ವಿಜ್ಞಾನಕ್ಕಾಗಿ ಎರಡು ಕೊಡ ರಕ್ತ ಸುರಿಸಿ, ಮಾರನೆಯ ದಿನವೇ ಗಂಗೆಯನ್ನು ಈಜಿ ರಾಮನಗರದ ಕೋಟೆ ಮುಟ್ಟಿ ಬಂದ ನಿನ್ನ ಸೋದರಮಾವನ ಆಶೀರ್ವಾದ. ಗದಗಿನ ನೀರು ಮತ್ತೆ ಒಗ್ಗಿತೇ? ಅಕ್ಕನ ಮೊಣಕಾಲು ಹೇಗಿದೆ? ಇಲ್ಲಿ ಚಳಿ ಇಳಿದಿದೆ. ನಮ್ಮ ಮಠದ ಅಡುಗೆಯ ದಾನಯ್ಯನಿಗೆ ಜ್ವರ ಬಿಟ್ಟು, ಸಾರಿಗೆ ಮತ್ತೆ ಉಪ್ಪು ಹೆಚ್ಚಾಗಿದೆ.

ನೀನು ಹೋದ ಮೇಲೆ ನಿನ್ನ ಪಿಎಚ್.ಡಿ. ಗೈಡನ್ನು ನೋಡಲು ಲ್ಯಾಬಿಗೆ ಹೋಗಿದ್ದೆ. ಎಂಥ ಮನುಷ್ಯನವ್ವ ಅವನು! ತಲೆಗೆ ಮಫ್ಲರು, ಬಾಯಿಗೆ ಪಾನು, ಎರಡರ ನಡುವೆ ಏನೂ ಇಲ್ಲ. ನನ್ನನ್ನು ನಿಲ್ಲಿಸಿಕೊಂಡೇ, "ಆಪ್‌ಕೀ ಭಾಂಜೀ ಕೋ ಧೋನಾ ತಕ್ ನಹೀಂ ಆತಾ" ಅಂದ. ನಿನಗೆ ರಕ್ತದಿಂದ ತೆಗೆದ ಮಣಿಯನ್ನು ತೊಳೆಯಲೂ ಬರುವುದಿಲ್ಲವಂತೆ! ಒಲೆಯ ಎತ್ತರಕ್ಕೆ ಬರುವ ಮೊದಲೇ ಅಕ್ಕಿಯನ್ನು ಒಂದು ಕಾಳೂ ಚೆಲ್ಲದೆ ತೊಳೆಯುತ್ತಿದ್ದವಳಿಗೆ ಈ ಮಾತು. ಪ್ರಯೋಗ ಎರಡು ಸಲ ಒಂದೇ ರೀತಿ ಬಂತು, ಮೂರನೆಯ ಸಲ ಬೇರೆ ಬಂತು, ಆದ್ದರಿಂದ ಕೆಲಸವೆಲ್ಲ ಸುಳ್ಳಂತೆ. ಮಾರ್ಚ್ ಒಂದಕ್ಕೆ ನಿನ್ನ ಮೇಜನ್ನು ಬೇರೊಬ್ಬನಿಗೆ ಕೊಡುತ್ತಾನಂತೆ. ನಾನು ಸುಮ್ಮನೆ ಬರುತ್ತೇನೆಯೇ? ಎಂಥ ಮಾತು ಹೇಳಿದೆನೆಂದರೆ ಬಾಯಲ್ಲಿದ್ದ ಪಾನನ್ನು ನುಂಗಿಬಿಟ್ಟ.

ಹಾಗೆಂದು ನಿನ್ನ ಮಣಿಗಳ ಮೇಲೆ ನನಗೇನೂ ಗೌರವವಿಲ್ಲ. ಕಣ್ಣಿಗೂ ಕಾಣದ ಪ್ಲಾಸ್ಟಿಕ್ಕು, ಔಷಧಿ ಹೊತ್ತು ಮೈಯೆಲ್ಲ ಸುತ್ತಬೇಕಂತೆ! ರಕ್ತಕ್ಕೆ ಇಳಿದ ಕ್ಷಣವೇ ಪ್ರೋಟೀನುಗಳು ಮುತ್ತಿಕೊಳ್ಳುತ್ತವೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ಕಾಶಿ ಸ್ಟೇಷನ್ನಿನಲ್ಲಿ ಇಳಿದವನಿಗೆ ಇದನ್ನೂ ಬಿಡಿಸಿ ಹೇಳಬೇಕೆ? ಮೊದಲು ರಿಕ್ಷಾದವರು ಮುತ್ತುತ್ತಾರೆ. ಅವರ ಸಂಖ್ಯೆ ದೊಡ್ಡದು, ಅಂಟು ಕಡಿಮೆ. ಆಮೇಲೆ ಲಾಡ್ಜಿನ ದಲ್ಲಾಳಿಗಳು ನಿಧಾನವಾಗಿ ಬಂದು ಅವರನ್ನು ತಳ್ಳುತ್ತಾರೆ, ಹಿಡಿದರೆ ಬಿಡುವವರಲ್ಲ. ಕೊನೆಗೆ ಯಾತ್ರಿಕನೇ ಕಾಣುವುದಿಲ್ಲ, ಮೆತ್ತಿಕೊಂಡವರಷ್ಟೇ ಕಾಣುತ್ತಾರೆ. ಮೈಯ ಕಾವಲುಗಾರ ಕಣಗಳೂ ಅಷ್ಟೇ ಪೆದ್ದು, ಮಣಿಯನ್ನು ನೋಡದೆ ಮೆತ್ತಿದ್ದನ್ನು ನೋಡಿ ನುಂಗುತ್ತವೆ. ಅದಕ್ಕೇ ನೀನು ಮಣಿಗೆ ಜಾರುವ ಲೇಪ ಕೊಟ್ಟೆ. ನನ್ನ ರಕ್ತದಲ್ಲಿ ಹಾಕಿದಾಗ ಎರಡು ಸಲ ಹೆಚ್ಚೇನೂ ಮೆತ್ತಲಿಲ್ಲ. ಮೂರನೆಯ ಸಲ ಮೆತ್ತಿತು. ಲೇಪ ಕೆಟ್ಟಿತೆಂದು ನೀನು ಅತ್ತುಕೊಂಡು ರೈಲು ಹತ್ತಿದೆ.

ಇನ್ನು ನಿಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಆ ಕಾಂಪೌಂಡರು! ಮಠದಿಂದ ಹೋದವರೆಲ್ಲ ಅವನಿಗೆ "ಮದ್ರಾಸಿ ಬಾಬಾ". ಹಣೆಯ ಮೇಲಿನ ವಿಭೂತಿ ನೋಡಿ ಸೂಜಿ ಚುಚ್ಚುತ್ತಾನೆಯೇ ಹೊರತು, ಅದರ ಕೆಳಗಿನ ಮೂಗು ಯಾರದೆಂದು ನೋಡುವುದಿಲ್ಲ. ಇಂಥವರ ಕೈಯಲ್ಲಿ ವಿಜ್ಞಾನ!

ಅಕ್ಕನಿಗೆ ನಮಸ್ಕಾರ ತಿಳಿಸು. ವಿಶ್ವನಾಥ ನಿನ್ನನ್ನು ಕಾಯಲಿ, ಆ ಗೈಡನ್ನು ಕಾಯುವ ತೊಂದರೆ ತೆಗೆದುಕೊಳ್ಳದಿರಲಿ.

ನಿನ್ನ ಮಾವ,
ಸಂಗಯ್ಯ

ತಾ.ಕ.: ಅಂಚೆಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೂರನೆಯ ಸಲದ ರಕ್ತ ನನ್ನದಲ್ಲ. "ಮಾವಾ, ಇದೊಂದು ಸಲ ನೀನs ಹೋಗಿ ಕೊಟ್ಟು ಬಾ" ಅಂದಿದ್ದೆಯಲ್ಲ, ಸೂಜಿಗೆ ಹೆದರಿ ನಾನು ಹೋಗಲೇ ಇಲ್ಲ. ರಾಮನಗರದ ಲಸ್ಸಿ ಕುಡಿಸುತ್ತೇನೆಂದು ದಾನಯ್ಯನನ್ನು ಒಪ್ಪಿಸಿ, ನನ್ನ ಹೆಸರನ್ನೇ ಹೇಳೆಂದು ಕಳಿಸಿದೆ. ಅವನ ಜ್ವರ ಶುರುವಾಗಿ ಆಗಲೇ ವಾರವಾಗಿತ್ತು. ಜ್ವರದವರ ರಕ್ತದಲ್ಲಿ ಅಂಟುವ ಪ್ರೋಟೀನು ಏರುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದು ಗೈಡಿನ ಎದುರು ನಿಂತಾಗ ನೆನಪಾಯಿತು. ಪಾನು ನುಂಗಿಸಿದ್ದು ಸುಳ್ಳು, ನಿಜ ಹೇಳದೆ ನಮಸ್ಕಾರ ಹಾಕಿ ಬಂದುಬಿಟ್ಟೆ. ಈ ಕಾಗದವನ್ನೇ ಅವನ ಮುಂದೆ ಹಿಡಿದು ಹಿಂದಿಯಲ್ಲಿ ಬಿಡಿಸಿ ಹೇಳು. ನೀನು ತೊಳೆದದ್ದರಲ್ಲಿ ತಪ್ಪಿಲ್ಲ. ಕಂಡ ರೈಲು ಹತ್ತಿ ಬಾ, ಈ ಸಲ ತೋಳು ನನ್ನದೇ, ನೀನೇ ಹಿಡಿದುಕೊಂಡು ಕೂರು. ಎರಡು ಕೊಡವೂ ಸುಳ್ಳವ್ವ. ಇಲ್ಲಿಯ ತನಕ ನಾನು ಕಳೆದುಕೊಂಡದ್ದು ಎರಡೂ ಸಲ ಸೇರಿ ಹತ್ತು ಸಿ.ಸಿ., ಚಹಾದ ಎರಡು ಚಮಚ.