ಭಾವನ ಕಾರಿನ ಟರ್ಬೊ

ಮಾರ್ಚ್ 9, ಶುಕ್ರವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಜಾಮೀನಿನ ಮೇಲೆ ಮನೆಯಲ್ಲೇ ಇದ್ದೇನೆ, ಪುರುಸೊತ್ತಿಲ್ಲ ಎನ್ನುವಂತೆಯೂ ಇಲ್ಲ. ಭಾವ ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದಾರೆ ಎಂದು ಬರೆದಿದ್ದೀಯ. ಆ ಸಾಲು ದಾಟಿ ಮುಂದೆ ಓದಲು ನನಗೆ ಎರಡು ದಿನ ಬೇಕಾಯಿತು.

ಆ ಭಾನುವಾರ ಏನಾಯಿತೆಂದು ಕೇಳಿದ್ದೀಯ. ಭಾವನ ಕಾರಿನ ಟರ್ಬೊ, ಅದೇ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ, ಕೆಟ್ಟಿತ್ತಲ್ಲ, ಹೊಸದಕ್ಕೆ ಎರಡು ತಿಂಗಳು ಕಾಯಬೇಕೆಂದು ಶೋರೂಮಿನವರು ಹೇಳಿದರು. ನಾನೇ ಬಿಚ್ಚಿ ಸರಿಮಾಡುತ್ತೇನೆ ಎಂದೆ. ಅದರ ಮೇಲಿನ ನಂಬರ್ ಬರೆದುಕೊಂಡು ನಾಲ್ಕು ಅಂಗಡಿ ಸುತ್ತಿದೆ. ಕೊನೆಗೆ ಬೇರಿಂಗ್, ಆಯಿಲ್ ಸೋರದಂತೆ ತಡೆಯುವ ಸೀಲ್ ರಿಂಗ್ ಎಲ್ಲ ಗುಜರಿಯವನ ಹತ್ತಿರ ಸಿಕ್ಕವು. "ಏನ್ ಮೇಷ್ಟ್ರೇ, ಸೀಮೆಸುಣ್ಣ ಹಿಡಿಯೋ ಕೈಗೆ ಇದೆಲ್ಲ ಯಾಕೆ? ಇದು ತಪ್ಪು ಮಾಡಿದ್ರೆ ಬೆಂಚಿನ ಮೇಲೆ ನಿಲ್ಸೋಕಾಗಲ್ಲ" ಎಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಜೋಡಿಸಿದ ಮೇಲೆ ಎಂಜಿನ್ ಎರಡು ನಿಮಿಷ ಚೆನ್ನಾಗಿಯೇ ಓಡಿತು. "ಪರವಾಗಿಲ್ಲ ಕಣೋ, ನಿಮ್ಮಕ್ಕ ಸುಮ್ನೆ ಹೆದರಿದ್ಲು" ಎಂದು ಭಾವ ಬೆನ್ನು ತಟ್ಟಿದರು. ಆಮೇಲೆ ಅದು ಕಿರುಚತೊಡಗಿತು. ಟರ್ಬೊದಿಂದ ಆಯಿಲ್ ಸೋರಿ ಎಂಜಿನ್ನಿಗೆ ನುಗ್ಗುತ್ತಿತ್ತು, ಎಂಜಿನ್ ಡೀಸೆಲ್ಲಿನ ಹಂಗಿಲ್ಲದೆ ಅದನ್ನೇ ಉರಿಸುತ್ತಿತ್ತು. ಕೀ ತೆಗೆದರೂ ನಿಲ್ಲಲಿಲ್ಲ. ಗಾಳಿ ಎಳೆಯುವ ಪೈಪನ್ನು ನಾನಿನ್ನೂ ಹಾಕಿರಲಿಲ್ಲ. ಗಾಳಿ ಕಟ್ಟಿದರೆ ನಿಂತೀತೆಂದು ಭಾವ ಟರ್ಬೊದ ತೆರೆದ ಬಾಯಿಗೆ, ಒಳಗೆ ತಿರುಗುತ್ತಿದ್ದ ಚಕ್ರದ ಎದುರಿಗೇ, ಬರಿಗೈ ಒತ್ತಿದರು. ಬಾನೆಟ್ಟಿನ ಒಳಮೈಗೆಲ್ಲ ರಕ್ತ ಸಿಡಿಯಿತು. ಎರಡು ಬೆರಳು ಆರಿಸಿ ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಮೂರನೆಯದು ಸಿಗಲಿಲ್ಲ.

ಭಾವನನ್ನು ಆಸ್ಪತ್ರೆಗೆ ಸೇರಿಸಿ ನೇರ ಗುಜರಿಗೆ ಹೋದೆ. ನನ್ನ ಅಂಗಿ ನೋಡಿ ಅವನು "ಅಯ್ಯೋ, ಏನಾಯ್ತು ಮೇಷ್ಟ್ರೇ?" ಎಂದು ಎದ್ದ. ಕೈಗೆ ಸಿಕ್ಕಿದ್ದು ಸೈಲೆನ್ಸರ್ ಪೈಪು. ಮೊದಲ ಏಟಿಗೇ ದವಡೆ ಮುರಿದ ಸದ್ದು ಕೇಳಿಸಿತು. ನಿಲ್ಲಿಸಬಹುದಿತ್ತು. ಬಿದ್ದವನ ಮೊಣಕಾಲಿಗೆ, ಪಕ್ಕೆಗೆ ಹೊಡೆದೆ. "ಕಳಪೆ ಮಾಲು ಕೊಟ್ಟೆಯಲ್ಲೋ!" ಎಂದು ಕೂಗುತ್ತಲೇ ಇದ್ದೆ. ಕೊನೆಗೆ ಅವನ ಹೆಂಡತಿ ನನ್ನ ತೋಳು ಕಚ್ಚಿ ಬಿಡಿಸಿದಳು.

ಅವನ ಕಳಪೆ ಮಾಲೇ ಇದಕ್ಕೆಲ್ಲ ಕಾರಣವೆಂದು ಸೋಮವಾರ ಪೊಲೀಸರಿಗೆ ಹೇಳುವುದಾಗಿ, ತಮ್ಮನನ್ನು ಬಿಟ್ಟುಕೊಡುವುದಿಲ್ಲವೆಂದು ನೀನು ಬರೆದಿದ್ದೀಯ. ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ. ಭಾವನ ಗಾಯ ಬೇಗ ಮಾಯಲಿ.

ಇಂತಿ,
ನಿನ್ನ ತಮ್ಮ

ತಾ.ಕ.: ಅವನು ಕೊಟ್ಟ ಎರಡು ಸೀಲ್ ರಿಂಗುಗಳಲ್ಲಿ ಒಂದು, ಕೂರಿಸುವಾಗ ನನ್ನ ಕೈಯಲ್ಲೇ ಮುರಿಯಿತು. ಇನ್ನೊಂದು ಕೇಳಲು ಹೋದರೆ ಮತ್ತೆ ನಗುತ್ತಾರೆಂದು ಸವೆದ ಹಳೆಯದನ್ನೇ ಹಾಕಿದೆ. ಅವನನ್ನು ಹೊಡೆಯುವಾಗಲೂ ನನಗೆ ಅದು ಗೊತ್ತಿತ್ತು. ಸೋಮವಾರ ಪೊಲೀಸರ ಕೈಗೆ ಈ ಕಾಗದ ಕೊಡು. ಅದಕ್ಕೂ ಮೊದಲು ಭಾವನಿಗೆ ಓದಿ ಹೇಳು.