ನೆಲಮಾಳಿಗೆಯಲ್ಲಿ ತೊಟ್ಟಿಕ್ಕುತ್ತಿರುವುದು ಯಾರ ಮನೆಯ ನೀರು?

ಒಳಚರಂಡಿ ಇಲಾಖೆಯ ಮಾನ್ಯ ಮುಖ್ಯ ಎಂಜಿನಿಯರ್ ಸಾಹೇಬರೇ,

ನನ್ನ ತಂಗಿಯ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಚರಂಡಿ ಪೈಪು ಸೋರುತ್ತಿದೆ ಎಂದು ದೂರು ಕೊಟ್ಟೆವು. ನೀವು ಪೈಪನ್ನು ಹಾಗೇ ಬಿಟ್ಟು ನೆಲಮಾಳಿಗೆಗೆ ಬೀಗ ಜಡಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬರೀ ಗಾದೆ ಎಂದುಕೊಂಡಿದ್ದೆ. ಅದನ್ನು ಅರಗಿನ ಮುದ್ರೆಯೊತ್ತಿ ಜಾರಿಗೆ ತರುವ ಇಲಾಖೆಯೇ ಇದೆಯೆಂದು ಈಗ ತಿಳಿಯಿತು.

ಹೀಗೆ ಬರೆಯಲು ಇವನ್ಯಾರು ಎಂದು ತಾವು ಕೇಳಬಹುದು. ಈ ಬೀದಿಯ ಮಕ್ಕಳಿಗೆಲ್ಲ ನಾನು ಮಾವ. ಓದಿದ್ದು ಹಳ್ಳಿ ಶಾಲೆಯಲ್ಲಿ. ಅಲ್ಲಿ ಎಲ್ಲ ತರಗತಿಗೂ ಒಂದೇ ಕೋಣೆ. ಹಾಗಾಗಿ ಒಂದನೆಯ ತರಗತಿಯ ಚಾಪೆಯ ಮೇಲೆ ಕೂತೇ ನಾಲ್ಕನೆಯದರ ಪಾಠವನ್ನೂ ಮುಗಿಸಿದವನು ನಾನು. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಅಲ್ಲೇ ಕಲಿತೆ. ತಮ್ಮ ಕಾಲೇಜಿನಲ್ಲಿ ಆ ಪಾಠ ಮಾಡುವ ದಿನ ರಜೆ ಇತ್ತೆಂದು ಕಾಣುತ್ತದೆ.

ಆ ನೆಲಮಾಳಿಗೆ ನನ್ನ ತಂಗಿಯ ಅನ್ನದ ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ ದಾರದ ಉಂಡೆಗಳು. ಇವೆಲ್ಲದರ ನೆತ್ತಿಯ ಮೇಲೆ, ಹಿಂದಿನ ಗೋಡೆಯಿಂದ ಹೊಕ್ಕು ಮುಂದಿನ ಗೋಡೆಯಿಂದ ಆಚೆ ಹೋಗುವ, ತೊಡೆ ಗಾತ್ರದ ಬೀಡುಕಬ್ಬಿಣದ ಪೈಪು. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಸಾಕಿದ್ದು ಆ ಪೈಪಿನ ಕೆಳಗೇ ಕೂತು ಹೊಲಿದು. ಅದರ ಜಾಯಿಂಟು ಮೊದಲು ಬೆವರಿತು, ಆಮೇಲೆ ಹನಿಸಿತು. ಅಳತೆ ಕೊಡಲು ಬಂದ ಹೆಂಗಸರು ಮೆಟ್ಟಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆಮೇಲೆ ಬರ್ತೀವಮ್ಮ" ಎಂದು ಹೋದರು. ಹೋದವರು ಹೋದರು.

ಮೊದಲು ಕೈ ಹಾಕಿದ್ದು ನಾನೇ. ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತಿ, ಮೇಲೆ ಸಿಮೆಂಟು ಮೆತ್ತಿದೆ. ಆ ಜಾಗದಲ್ಲಿ ಇವತ್ತಿಗೂ ಒಂದು ಹನಿ ಇಲ್ಲ, ಯಾರು ಬೇಕಾದರೂ ಬಂದು ನೋಡಲಿ. ಮಾರನೆಯ ದಿನ ಪಕ್ಕದ ಜಾಯಿಂಟು ಬಾಯಿಬಿಟ್ಟಿದ್ದು ಪೈಪಿನ ದೋಷ, ನನ್ನ ಕೆಲಸದ ದೋಷವಲ್ಲ. ಆಮೇಲೆ ಪ್ಲಂಬರನ್ನು ಕರೆಸಿದೆವು. ಅವನು ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿಸಿ ಒಂದು ಗಂಟೆ ಕಾದ. ಪೈಪು ಮಾತ್ರ ತನ್ನ ಪಾಡಿಗೆ ತೊಟ್ಟಿಕ್ಕುತ್ತಲೇ ಇತ್ತು. "ಮಾವ, ಇದು ನಿಮ್ಮನೆ ನೀರಲ್ಲ. ಹಿಂದಿನ ಬೀದಿಯಿಂದ ಬರೋ ಲೈನು. ನಾನು ಕೊಯ್ದರೆ ನನ್ನ ಲೈಸೆನ್ಸೇ ಹೋಗುತ್ತೆ" ಎಂದು ಚೀಲ ಎತ್ತಿಕೊಂಡ.

ಹಿಂದಿನ ಬೀದಿಯಲ್ಲಿ, ನಮ್ಮ ಬೆನ್ನಿಗೆ ಅಂಟಿಕೊಂಡಂತೆ ಇರುವುದು ತಮ್ಮದೇ ಶಾಖಾ ಕಚೇರಿ. ಎಷ್ಟು ಸಲ ಹತ್ತಿಳಿದೆನೋ! ಪ್ರತಿ ಸಲವೂ ಅಲ್ಲಿನ ಕಿರಿಯ ಎಂಜಿನಿಯರರದು ಒಂದೇ ಮಂತ್ರ: "ಗೋಡೆಯಿಂದಾಚೆಗಿನ ಪೈಪು ಇಲಾಖೆದು. ಒಳಗಿನದು ಮನೆಯವರದು." ಅಂದರೆ, ಸ್ವಾಮಿ, ಊರ ಹೊಲಸು ನಮ್ಮ ಗೋಡೆ ದಾಟಿದ ಕೂಡಲೇ ನಮ್ಮ ಮನೆಯ ಮಗುವಾಗಿಬಿಡುತ್ತದೆಯೇ? ಮುಂದಿನ ಗೋಡೆಯಿಂದ ಆಚೆ ಹೋದಾಗ ಮತ್ತೆ ತಮ್ಮ ಸಂತಾನವೇ? ಹಾಗಿದ್ದರೆ ನಾವು ಪೈಪನ್ನು ಕಿತ್ತು ಮುಚ್ಚಿಬಿಡುತ್ತೇವೆ ಎಂದೆ. "ಹಾಗೆಲ್ಲ ಮಾಡೋ ಹಾಗಿಲ್ರೀ, ಕೇಸಾಗುತ್ತೆ" ಎಂದರು. ಸೋರುವಾಗ ನಮ್ಮದು, ಮುಚ್ಚುವಾಗ ತಮ್ಮದು!

ಕೊನೆಗೆ ಆ ಕಿರಿಯ ಎಂಜಿನಿಯರರೇ ತಪಾಸಣೆಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು, ಕೋಣೆ ಮನುಷ್ಯವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿ, ಬಾಗಿಲಿಗೆ ಬೀಗ ಹಾಕಿ ಮುದ್ರೆ ಒತ್ತಿದರು. "ಮೆಷಿನ್ನಾದ್ರೂ ಆಚೆ ತಗೊಳ್ತೀನಿ ಸಾರ್" ಎಂದು ತಂಗಿ ಕೈ ಮುಗಿದಳು. "ಮೇಲಿನಿಂದ ಆದೇಶ ಬರಲಿ ತಾಯಿ" ಎಂದರು. ಒಳಗಿರುವುದು ಯಂತ್ರಗಳು ಮಾತ್ರವಲ್ಲ. ಶಾಲೆ ಮಕ್ಕಳ ಸಮವಸ್ತ್ರಕ್ಕೆಂದು ಕತ್ತರಿಸಿಟ್ಟ ಬಟ್ಟೆಯೆಲ್ಲ ಆ ಮೇಜಿನ ಮೇಲಿದೆ. ಅದರ ನೇರಕ್ಕೆ ಮೇಲಿನ ಜಾಯಿಂಟೂ ಈಗ ಬೆವರುತ್ತಿದೆ. ಬೀದಿಯ ಮಟ್ಟದಲ್ಲಿರುವ ಕಿಂಡಿಯಿಂದ ಬಗ್ಗಿ ನೋಡಿದರೆ ಕಾಣುತ್ತದೆ. ತಂಗಿ ದಿನಾ ಬಗ್ಗಿ ನೋಡುತ್ತಾಳೆ.

ಅದನ್ನು ನೋಡಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬಟ್ಟೆಗೆ ಬಣ್ಣ ಕಟ್ಟುವ ನೇರಳೆ ಪುಡಿಯ ಪೊಟ್ಟಣವೊಂದನ್ನು ಜೇಬಿಗಿಳಿಸಿ ತಮ್ಮ ಶಾಖಾ ಕಚೇರಿಗೆ ನಡೆದೆ. ಕಿಂಡಿಯ ಬಳಿ ಸೊಸೆಯನ್ನು, ಅಂದರೆ ತಂಗಿಯ ಮಗಳನ್ನು, ಟಾರ್ಚು ಕೊಟ್ಟು ಕೂರಿಸಿದ್ದೆ. ಕಚೇರಿಯಲ್ಲಿ ತುಂಬ ವಿನಯದಿಂದ ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ತೋರಿಸಿದರು. ಪುಡಿ ಸುರಿದು, ಬಕೆಟ್ಟುಗಟ್ಟಲೆ ನೀರು ಹೊಯ್ದು, ಮುಖ ತೊಳೆದು, ಕಿರಿಯ ಎಂಜಿನಿಯರರ ಎದುರು ಕುರ್ಚಿ ಎಳೆದುಕೊಂಡು ಕೂತೆ. ತಣ್ಣಗೆ ಮಾತಾಡುತ್ತಿದ್ದಾಗ ಫೋನು ಬಂತು. ಕಚೇರಿಗೆಲ್ಲ ಕೇಳಲೆಂದು ಸ್ಪೀಕರು ಹಾಕಿದೆ.

"ಮಾವಾ! ಬಂತು! ನೇರಳೆ! ಥೇಟು ನೇರಳೆಹಣ್ಣಿನ ರಸ!"

ಇಡೀ ಕಚೇರಿ ತಲೆಯೆತ್ತಿತು. ಕಿರಿಯ ಎಂಜಿನಿಯರರು ಕೆಂಪಾಗಿ ಮೇಜು ಗುದ್ದಿದರು. "ಯಾರ್ರೀ ನಿಮಗೆ ಹೇಳಿದ್ದು, ಇಲಾಖೆ ಲೈನಿಗೆ ಬಣ್ಣ ಹಾಕೋಕೆ?"

ಇಲಾಖೆ ಲೈನು! ಆ ಎರಡು ಮಾತು ಕೇಳಲು ನಾನು ಚಪ್ಪಲಿ ಸವೆಸಿದ್ದೆ. ಎದ್ದು ನಿಂತು ಅವರ ಕೈ ಕುಲುಕಿ ಬಂದೆ. ನನ್ನ ಜಾಣತನದ ಕಥೆ ಈಗ ಬೀದಿಯ ಎರಡು ತುದಿಗೂ ಮುಟ್ಟಿದೆ. ಮುಟ್ಟಿಸಿದ್ದು ನಾನೇ.

ಮನೆಗೆ ಬಂದು ತಂಗಿಗೂ ಹೇಳಿದೆ, ಅಭಿನಯ ಸಮೇತ. ಅವಳು ನಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಯಾರದೋ ಲಂಗದ ಅಂಚನ್ನು ಕೈಯಲ್ಲೇ ಹೊಲಿಯುತ್ತಿದ್ದವಳು, "ಅಣ್ಣ, ನೀನು ಗೆದ್ದೆ, ಸರಿ. ನನ್ನ ಮೆಷಿನ್ನು ಯಾವಾಗ ಬರುತ್ತೆ?" ಎಂದಳು. ಮಾತಿನ ಮಲ್ಲನಾದ ನಾನು ಕಾಗದ, ಪೆನ್ನು ಹುಡುಕಿದೆ. ಆ ಉತ್ತರ ತಮ್ಮ ಬಳಿ ಇದೆ. ಅದಕ್ಕೇ ಹೀಗೆ ಬಹಿರಂಗ ಪತ್ರ ಬರೆದು ಹತ್ತು ಜನರೆದುರು ಕೇಳುತ್ತಿದ್ದೇನೆ.

ಕಚೇರಿಯ ನೀರು ತಮ್ಮದು, ಲೈನು ತಮ್ಮದು ಎಂದು ತಮ್ಮವರ ಬಾಯಿಂದಲೇ ಬಂದಾಯಿತು. ಇನ್ನು ಗೋಡೆಯ ಲೆಕ್ಕ ಬೇಡ. ನಾಳೆಯೇ ಬೀಗ ತೆಗೆಸಿ, ಯಂತ್ರಗಳನ್ನೂ ಬಟ್ಟೆಯನ್ನೂ ಅವಳ ಕೈಗೆ ಕೊಡಿಸಿ. ಶಾಲೆ ತೆರೆಯುವ ಮೊದಲು ಆ ಕೊಳೆತ ಪೈಪನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಕಿತ್ತು ಹೊಸದು ಹಾಕಿಸಿ. ಜಾಯಿಂಟಿಗೆ ತೇಪೆ ಹಚ್ಚಿ ಹೋಗುವುದಾದರೆ ಯಾರನ್ನೂ ಕಳಿಸಬೇಡಿ, ಆ ವಿದ್ಯೆ ನನಗೇ ಬರುತ್ತದೆ. ಅಲ್ಲಿಯವರೆಗೆ ಶಾಖಾ ಕಚೇರಿಯ ಶೌಚಾಲಯವನ್ನು ಮುಚ್ಚಿಸಿ. ಸಿಬ್ಬಂದಿಗೆ ತೊಂದರೆಯಾಗುತ್ತದೆ, ಬಲ್ಲೆ. ಅವರು ನಮ್ಮ ಮನೆಗೇ ಬರಲಿ. ಹೇಗೂ ಎಲ್ಲ ಬರುವುದು ಇಲ್ಲಿಗೇ ತಾನೇ?

ಇಂತಿ,
ಪೈಪಿನೊಂದಿಗೆ ವಾದದಲ್ಲಿ ಗೆದ್ದು, ತಂಗಿಯ ಮುಂದೆ ಬಾಯಿ ಕಟ್ಟಿದ,
ತಮ್ಮ ಕಚೇರಿಯ ಕೆಳಗಣ ಮನೆಯ ಮಾವ