ಎದೆ ಹದಿನಾರು, ತೋಳು ಐದೂವರೆ

ಭಾನುವಾರ ಬೆಳಿಗ್ಗೆ, ೧೪–೬–೨೦೨೦

ಮುದ್ದು ಪುಟ್ಟಿಗೆ,

ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ ಕಾಗದವಿಟ್ಟುಕೊಂಡು ನಿನ್ನ ದೊಡ್ಡಮ್ಮ ಬರೆಯುತ್ತಿರುವುದು. ಗುಂಡ ಹೇಗಿದ್ದಾನೆ? ಅಳಿಯಂದಿರು ಹೇಗಿದ್ದಾರೆ? ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದು, ಸೋಂಕಿನ ಭಯಕ್ಕೆ ಇನ್ನೂ ಮುಂದಿನ ಕೋಣೆಯಲ್ಲೇ ಮಲಗಿ, ಮಗನನ್ನು ಬಾಗಿಲಿನ ಗಾಜಿನಿಂದಲೇ ನೋಡುತ್ತಿದ್ದಾರೆಯೇ? ಕೆಳಗಿನ ಮನೆ ಟೀಚರಮ್ಮನ ಮಂಡಿನೋವು ಹೇಗಿದೆ? ನಿನ್ನನ್ನು ಕೊನೆಗೆ ಕೇಳುತ್ತೇನೆ. ನೀನು ನಿಜ ಹೇಳುವವಳಲ್ಲ.

ನಾನು ಗಟ್ಟಿಯಾಗಿದ್ದೇನೆ. ಅಂಗಡಿಯ ಶಟರ್ ಎಳೆದು ಒಳಗೆ ಮಾಸ್ಕ್ ಹೊಲಿಯುತ್ತಿದ್ದೇನೆ. ನಲವತ್ತು ವರ್ಷ ಊರವರ ಮೈ ಮುಚ್ಚಿದ್ದಾಯಿತು, ಈಗ ಬಾಯಿ ಮುಚ್ಚಿಸುವ ಕೆಲಸ.

ಫೋನ್ ಮಾಡಿದರೆ ಮಗು ಮಲಗಿದೆ ಎಂದು ಇಟ್ಟುಬಿಡುತ್ತೀಯ. ಹಾಗಾಗಿ ಪ್ರತಿ ಶನಿವಾರ ಔಷಧಿ ವ್ಯಾನಿನ ಡ್ರೈವರ್ ಕೈಯಲ್ಲಿ ನೀನು ಕಳಿಸುವ ಗುಂಡನ ಅಳತೆಯ ಚೀಟಿಯೇ ನನಗೆ ನಿಮ್ಮ ಕ್ಷೇಮ ಸಮಾಚಾರ. ನಿನ್ನೆ ಹಳೆಯ ಎರಡರ ಪಕ್ಕ ಹೊಸದನ್ನೂ ಇಟ್ಟು ನೋಡಿದೆ. ಮೂರರಲ್ಲೂ ಎದೆ ಹದಿನಾರು, ತೋಳು ಐದೂವರೆ. ಮೊದಲು ನಗು ಬಂತು. ಮೂರು ತಿಂಗಳ ಕೂಸು ಮೂರು ವಾರದಲ್ಲಿ ಎಳ್ಳಷ್ಟೂ ಬೆಳೆಯದಿದ್ದರೆ ಅದು ಕೂಸಲ್ಲ, ಅಂಗಡಿ ಮುಂದೆ ನಿಲ್ಲಿಸುವ ಬೊಂಬೆ. ಆಮೇಲೆ ಹೊಳೆಯಿತು, ಟೇಪು ಅವನ ಮೈ ಮುಟ್ಟಿಯೇ ಇಲ್ಲ. ಹಾಲು ಕುಡಿಸುತ್ತೀಯ, ಒದ್ದೆ ಬಟ್ಟೆ ಬದಲಿಸುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಅದಾದ ಮೇಲೆ ಒಂದು ಗಳಿಗೆ ಅವನನ್ನು ಎತ್ತಿ ಹಿಡಿಯಲು ನಿನ್ನಿಂದ ಆಗುತ್ತಿಲ್ಲ. ಹೌದು ತಾನೆ?

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಚೀಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ: ಒಂದು ವರ್ಷದ್ದು, ಎರಡು ವರ್ಷದ್ದು, ಶಾಲೆಗೆ ಹೋಗುವವರೆಗಿನದ್ದು ಎಲ್ಲ ಒಟ್ಟಿಗೇ ಹೊಲಿದಿಟ್ಟುಬಿಡಿ ದೊಡ್ಡಮ್ಮ, ಆಮೇಲೆ ಯಾರಿಗೂ ತೊಂದರೆ ಬೇಡ. ಅದನ್ನು ಓದಿದಾಗ ಪೆಡಲ್ ಮೇಲಿದ್ದ ಕಾಲು ಅಲ್ಲೇ ನಿಂತಿತು.

ಸುತ್ತಿ ಬಳಸಿ ಕೇಳುವುದಿಲ್ಲ ಮಗಳೇ. ಸಾಯಬೇಕು ಅನ್ನಿಸುತ್ತಿದೆಯೇ?

ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುತ್ತದೋ ಎಂದು ಹೆದರಿದ್ದೆ. ನನ್ನ ಹತ್ತಿರ ರವಿಕೆ ಹೊಲಿಸುವ ಲೇಡಿ ಡಾಕ್ಟರಿಗೆ ಫೋನ್ ಹಚ್ಚಿದೆ. ಹಾಗೇನೂ ಆಗುವುದಿಲ್ಲ, ನೇರವಾಗಿಯೇ ಕೇಳಿ ಎಂದರು. ಹೆರಿಗೆಯ ಬೆನ್ನಿಗೆ ಬರುವ ಕಾಯಿಲೆ ಇದು, ಸೊಕ್ಕಲ್ಲ, ಸೋಮಾರಿತನವಲ್ಲ, ಮಗುವಿನ ಮೇಲೆ ಪ್ರೀತಿ ಇಲ್ಲವೆಂದೂ ಅಲ್ಲ, ಔಷಧಿ ಇದೆ ಎಂದರು. ನಾಲ್ಕು ಗೋಡೆಯ ನಡುವೆ, ಹೊರಗಿನ ಗಾಳಿಗೂ ಹೆದರಿಕೊಂಡು, ಹಗಲೆಲ್ಲ ಒಬ್ಬಳೇ ಕೂಸಿನ ಅಳು ಕೇಳುತ್ತಾ ಕೂತರೆ ಕಲ್ಲಿಗೂ ಜ್ವರ ಬರುತ್ತದೆ. ನನಗೂ ಹಿಂದೊಮ್ಮೆ ಸ್ವಲ್ಪ ಹೀಗೇ ಆಗಿತ್ತು. ಅದನ್ನು ಎದುರು ಕೂತಾಗ ಹೇಳುತ್ತೇನೆ.

ಈಗ ಬೈಯುವುದಿದ್ದರೆ ಬೈದುಬಿಡು. ನಿನ್ನ ಗುಟ್ಟು ಒಡೆದಿದ್ದೇನೆ. ನಿನ್ನೆ ಸಂಜೆಯಿಂದ ಟೀಚರಮ್ಮ ಮಂಡಿ ಎಳೆದುಕೊಂಡು ಮೆಟ್ಟಿಲು ಹತ್ತಿ ನಿನ್ನ ಮನೆಯಲ್ಲಿ ಕೂತಿರುವುದು ಸಕ್ಕರೆ ಕೇಳುವುದಕ್ಕಲ್ಲ. ನಾನೇ ಕಳಿಸಿದ್ದು. ಅಳಿಯಂದಿರಿಗೂ ಫೋನ್ ಮಾಡಿದೆ. "ದಿನಾ ಗಾಜಿನಿಂದ ನೋಡ್ತಿದ್ದೆ ದೊಡ್ಡಮ್ಮ. ಮಗೂನೇ ನೋಡ್ತಿದ್ದೆ, ಅವಳನ್ನ ನೋಡ್ಲೇ ಇಲ್ಲ" ಎಂದರು. ಇಂದು ಅವರ ಪರೀಕ್ಷೆಯ ಫಲಿತಾಂಶ ಬರುತ್ತದೆ. ಸೋಂಕಿಲ್ಲ ಎಂದಾದರೆ ರಜೆ ಹಾಕಿ ಆ ಬಾಗಿಲು ತೆಗೆಯುತ್ತಾರೆ. ನಾಳೆ ಹನ್ನೊಂದಕ್ಕೆ ಮನಸ್ಸಿನ ಡಾಕ್ಟರು ವಿಡಿಯೋದಲ್ಲಿ ನಿನ್ನ ಜೊತೆ ಮಾತಾಡುತ್ತಾರೆ. ಅವರ ಹತ್ತಿರ ಮಾತ್ರ "ಚೆನ್ನಾಗಿದ್ದೀನಿ" ಅನ್ನಬೇಡ. ನನಗೂ ಬರಲು ಪಾಸ್ ಕೇಳಿದ್ದೇನೆ.

ಬಟ್ಟೆಯ ವಿಷಯ. ಈ ಕಾಗದದ ಜೊತೆಗಿನ ಪೊಟ್ಟಣದಲ್ಲಿ ನಾಲ್ಕು ತಿಂಗಳಿಗಾಗುವಂತೆ ಎರಡೇ ಅಂಗಿ ಕಳಿಸಿದ್ದೇನೆ. ಮುಂದಿನದನ್ನು ಕತ್ತರಿಸುವುದೂ ಇಲ್ಲ. ಅವನ ತಾಯಿ ಅಳತೆ ಕೊಡದೆ ಈ ಮನೆಯಲ್ಲಿ ಅವನಿಗೆ ಒಂದು ಗುಂಡಿಯನ್ನೂ ಹಚ್ಚುವುದಿಲ್ಲ. ಟೇಪು ಹಿಡಿಯಲು ಆಗದಿದ್ದರೆ ಪೊಟ್ಟಣದಲ್ಲಿ ಕೆಂಪು ದಾರವಿದೆ. ಅಳಿಯಂದಿರೋ ಟೀಚರಮ್ಮನೋ ಅವನನ್ನು ಹಿಡಿದುಕೊಳ್ಳಲಿ. ಎದೆಯ ಸುತ್ತ ಒಂದು ಸುತ್ತು ಹಾಕಿ, ಸೇರಿದ ಕಡೆ ಗಂಟು ಹಾಕು. ಉಳಿದದ್ದನ್ನು ಅವರು ಮಾಡುತ್ತಾರೆ.

ನಿನ್ನ
ದೊಡ್ಡಮ್ಮ

ತಾ.ಕ.: ಎದುರು ಕೂತಾಗ ಹೇಳುತ್ತೇನೆ ಎಂದೆ. ಅಷ್ಟು ದಿನ ಕಾಯಿಸುವುದು ತಪ್ಪು. ಪೊಟ್ಟಣದಲ್ಲಿ ತುಂಡು ಬಟ್ಟೆ ಜೋಡಿಸಿದ ಹೊದಿಕೆ ಇದೆಯಲ್ಲ, ಬೆಳಕಿಗೆ ಹಿಡಿದು ನೋಡು. ತುಂಡುಗಳ ಅಂಚಿನಲ್ಲೆಲ್ಲ ಹಳೆಯ ಸೂಜಿತೂತುಗಳು ಕಾಣುತ್ತವೆ. ನನ್ನ ಮಗಳು, ನಿನ್ನ ಅಕ್ಕ, ಹುಟ್ಟಿ ಎರಡು ತಿಂಗಳಿಗೆ ಅವಳಿಗೆಂದು ಶಾಲೆಯ ಲಂಗದವರೆಗೂ ಹೊಲಿದು ಪೆಟ್ಟಿಗೆ ತುಂಬಿದ್ದೆ. ಎಷ್ಟು ಚುರುಕು ಎಂದು ಎಲ್ಲರೂ ಹೊಗಳಿದರು. ನಿನ್ನ ಅಮ್ಮ ಒಬ್ಬಳೇ ಹೊಗಳಲಿಲ್ಲ. ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಹೊಲಿಗೆ ಬಿಚ್ಚಿದಳು, ಹನ್ನೆರಡು ದಿನ. "ಬೆಳೆದ ಹಾಗೆ ಹೊಲಿ ಅಕ್ಕ, ನಾನು ಇಲ್ಲೇ ಇರ್ತೀನಿ" ಎಂದಳು. ಇಂದು ಅವಳಿಲ್ಲ, ಅದಕ್ಕೇ ಬಿಚ್ಚುವ ಕೆಲಸ ನನ್ನದು. ಇಂದೇ ಈ ಕಾಗದ, ಪೊಟ್ಟಣ ನಿನಗೆ ತಲುಪಿಸುವ ಡ್ರೈವರ್ ಬುಧವಾರ ಮತ್ತೆ ಈ ಕಡೆ ಬರುತ್ತಾನಂತೆ. ಶನಿವಾರದವರೆಗೆ ಕಾಯಿಸಬೇಡ, ಅವನ ಕೈಯಲ್ಲೇ ದಾರ ಕಳಿಸು. ಪಕ್ಕದಲ್ಲಿ ಒಂದೇ ಒಂದು ಸಾಲು ಬರೆ. ಬೇಗ ಬರೆ.